ಹೆಜ್ಜೆಯ ಲೆಕ್ಕ

ಕಲ್ಲಿನ ಸುತ್ತ ಹುಲ್ಲು ಕತ್ತರಿಸುವುದು
ಗುರುವಾರ ಬೆಳಗಿನ ಕೆಲಸ.
ಯಂತ್ರ ಅಂಚಿಗೆ ಹೋಗುವುದಿಲ್ಲ. ಮೊಣಕಾಲೂರಿ
ಕುರಿಯ ಉಣ್ಣೆ ಕತ್ತರಿಸುವ ಹಳೆ ಕತ್ತರಿಯಲ್ಲಿ
ಅವನ ಹೆಸರಿನ ಕೆಳಗೆ ಕೈಯಾಡಿಸುತ್ತೇನೆ.

ಹೆಸರೇನೋ ಇದೆ, ಇಸವಿಯೂ ಇದೆ.
ಕಡಲಾಚೆ ಒಂದು ವಸಾಹತನ್ನೇ ಕಟ್ಟಿದವನು;
ಅರಸನ ಎದುರೂ ಟೋಪಿ ತೆಗೆಯದವರ,
ಅರಸನಿಗೂ ಏಕವಚನವೇ ಸಾಕೆಂದವರ ಪೈಕಿ.
ಆಚೆ ದಡದವರು ಬಸ್ಸಿನಲ್ಲಿ ಬರುತ್ತಾರೆ,
ಫೋಟೋ ತೆಗೆದು, ಶೌಚಾಲಯ ಎಲ್ಲೆಂದು ಕೇಳಿ,
ಹ್ಯಾಜಲ್‌ಡೀನಿನ ಒಂದೇ ಅಂಗಡಿಯಲ್ಲಿ
ಜೇನು ಕೊಂಡು ಹೋಗುತ್ತಾರೆ.

ಅವರಿಗೆ ನಾನು ಹೇಳದ ಮಾತು ಒಂದಿದೆ:
ಅವನನ್ನು ಹೂತಾಗ ಇಲ್ಲಿ ಕಲ್ಲಿರಲಿಲ್ಲ.
ನಮ್ಮವರಿಗೆ ಗೋರಿಕಲ್ಲೂ ಒಂದು ಜಂಭ.
ನೂರೈವತ್ತು ಚಳಿಗಾಲ ಬರಿಯ ಹುಲ್ಲು.
ಆಮೇಲೆ ಮುತ್ತಜ್ಜ ಜೊಸೈಯಾ
ಇಲಿ ಕಡಿದ ನಕ್ಷೆ ಹಿಡಿದು
ಬಾಗಿಲಿನಿಂದ ಹದಿನಾಲ್ಕು ಹೆಜ್ಜೆ,
ಸೇಬಿನ ಮರದಿಂದ ಏಳು
ಎಣಿಸಿದ, ನೆಟ್ಟ.
ಸೇಬಿನ ಮರ ಮೊದಲಿನದಲ್ಲ, ಅದರ ಮಗಳು.
ಮುತ್ತಜ್ಜನಿಗೆ ಒಂದು ಕಾಲು ಗಿಡ್ಡ.

ಮೊನ್ನೆಯವಳು ಬಸ್ಸಿನಲ್ಲಿ ಬರಲಿಲ್ಲ.
ರೈಲು ನಿಲ್ದಾಣದಿಂದ ಎರಡೂವರೆ ಮೈಲಿ ನಡೆದೇ ಬಂದಳು,
ಆರ್ಲೀನ್ ಕಿಲ್‌ಬಕ್, ಒಕ್ಲಹೋಮಾ,
ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದವಳು.
ಚಹಾ ಬೇಡವೆಂದಳು. ಕ್ಯಾಮೆರಾ ಇರಲಿಲ್ಲ.
"ನಮ್ಮವರು ಒಕ್ಲಹೋಮಾದವರಲ್ಲ," ಎಂದಳು,
"ಇವನು ಬಂದಿಳಿದ ಹೊಳೆದಂಡೆಯವರು.
ಇವನ ಮಾತು ಇವನಿರುವ ತನಕ ನಿಂತಿತ್ತು
ಅನ್ನುತ್ತಿದ್ದಳು ನಮ್ಮಜ್ಜಿ. ಆಮೇಲೆ ಮಕ್ಕಳು
ಹಳೆಯ ಕಾಗದವೊಂದನ್ನು ತೋರಿಸಿದರು:
ಒಂದೂವರೆ ದಿನದಲ್ಲಿ ಒಬ್ಬ ನಡೆಯುವಷ್ಟು ನೆಲ.
ನಡೆಯುವುದು ಅಂದರೇನು, ನಮಗೆ ಗೊತ್ತಿತ್ತು.
ದಾರಿಯಲ್ಲಿ ಕೂತು ಬುತ್ತಿ ಬಿಚ್ಚಿ,
ಹೊಗೆಸೊಪ್ಪು ಸೇದಿ, ಮತ್ತೆ ಎದ್ದು.
ಅವರು ಕಾಡು ಸವರಿ ಹಾದಿ ಮಾಡಿ
ಓಟಗಾರರನ್ನು ಬಿಟ್ಟರು."

ಇಷ್ಟನ್ನೂ ಸಿಟ್ಟಿಲ್ಲದೆ ಹೇಳಿದಳು,
ಬಸ್ಸು ತಡವಾದದ್ದಕ್ಕೆ ಕಾರಣ ಕೊಡುವ ಹಾಗೆ.
ಆಮೇಲೆ ಕಲ್ಲು ನೋಡಿ, "ಇಲ್ಲೇನಾ?"

ಆಣೆ ಇಡದವರು ನಾವು. ಹೌದು ಅಂದರೆ ಹೌದು,
ಅಲ್ಲ ಅಂದರೆ ಅಲ್ಲ. ನಡುವಿನದಕ್ಕೆ
ನಮ್ಮಲ್ಲಿರುವುದು ಮೌನ ಒಂದೇ.
ಭಾನುವಾರ ಗಂಟೆಗಟ್ಟಲೆ ಬೆಂಚಿನ ಮೇಲೆ ಕೂತು
ಅದು ರೂಢಿಯಾಗಿದೆ, ಅದರ ಹಿಂದೆ ಅಡಗುವುದೂ.
ಕತ್ತರಿ ಕೆಳಗಿಟ್ಟೆ.
"ಗೊತ್ತಿಲ್ಲ," ಎಂದೆ. "ನಮ್ಮ ಮುತ್ತಜ್ಜನೂ
ಹೆಜ್ಜೆಯಲ್ಲೇ ಅಳೆದ."

ಅವಳು ನಕ್ಕದ್ದು ಆಗಲೇ ಮೊದಲು.
ಬಾಗಿಲ ತನಕ ಹೋಗಿ ತಿರುಗಿ ನಿಂತಳು.
ಒಂದು. ಎರಡು.
ಐದಕ್ಕೆ ನಿಂತು ಸ್ವೆಟರ್ ಬಿಚ್ಚಿ ಸೊಂಟಕ್ಕೆ ಸುತ್ತಿದಳು,
ಒಂಬತ್ತಕ್ಕೆ ಕೂತೇಬಿಟ್ಟಳು, ಚೀಲದಿಂದ
ಸ್ಯಾಂಡ್‌ವಿಚ್ ತೆಗೆದು ಅರ್ಧ ನನಗೆ ಚಾಚಿದಳು.
ಉಳಿದ ಐದು ಹೆಜ್ಜೆ
ನೆರಳು ಸೇಬಿನ ಮರ ದಾಟಿದರೂ ಮುಗಿದಿರಲಿಲ್ಲ.