ನಡುಗ್ವಾಡಿ ಟಪಾಲು

ಗಂಜಿನ್ಯಾಗ ಎರಡು ತೊಗರಿ ಮಿಲ್ಲು, ನಡುವ ಒಂದು ಗ್ವಾಡಿ.
ಈ ಕಡಿ ಅಣ್ಣ ಅಣವೀರಪ್ಪಂದು, ಆ ಕಡಿ ತಮ್ಮ ಚಂದ್ರಶಾಂದು.
ಮಾತು ಬಿಟ್ಟು ಆರು ವರ್ಷ ಆತು.
ಪಾಲಾಗದೆ ಉಳಿದದ್ದು ಹಳೇ ತೂಕದ ಖೋಲಿ,
ಮತ್ತ ಅದರಾಗ ಕೂಡೂ ನಾನು.
ಮುಂಜಾನಿ ಅಣ್ಣನ ಲೆಕ್ಕ, ಊಟ ಆದ ಮ್ಯಾಲ ತಮ್ಮಂದು,
ಸಂಜಿಮುಂದ ಸೇಡಂ ರೋಡಿನ ನರ್ಸಿಂಗ್ ಶಾಲಿದು.
ನಂದೂ ಒಂದು ಇಮೇಲ್ ಅದ,
ಹುಟ್ಟಿದಹಬ್ಬಕ್ಕ ಬ್ಯಾಂಕಿನವ್ರು ಬರೀತಾರ.

ನಾಲ್ಕು ಟಪಾಲು, ಒಂದೇ ಬ್ರೌಸರು.
ಒಬ್ಬರ ಮನಿಯಿಂದ ಹೊರಬಿದ್ದು ಇನ್ನೊಬ್ಬರದು ಹೊಗಬೇಕು,
ಹೊಸ್ತಿಲು ಹೊಸ್ತಿಲಿಗಿ ಚಪ್ಪಲಿ ಬಿಟ್ಟು, ಹಾಕ್ಕೊಂಡು.
ಒಂದಿನ ಚಪ್ಪಲಿ ಅದಲುಬದಲಾದ್ವು:
ತಮ್ಮನ ಲೆಟರ್‌ಹೆಡ್ಡಿನ ರೇಟು
ಅಣ್ಣನ ವಿಳಾಸದಿಂದ ನಾಗಪುರಕ್ಕ ಹೋತು.
ಕ್ವಿಂಟಲಿಗಿ ನಲವತ್ತು ರೂಪಾಯಿ ಕಮ್ಮಿ.
ಅಣವೀರಪ್ಪ ಬೈಲಿಲ್ಲ. ಕನ್ನಡಕ ತೆಗೆದು ಒರೆಸಿ,
"ಜಗದೇವಿ, ಈ ರೇಟಿಗಿ ಅವಂಗ ಗಿಟ್ಟತದೇನ?" ಅಂದ್ರು.

ಸ್ಟೇಷನ್ ರೋಡಿನ ಸೈಫನ್ ಬಂದ,
ಕೊರಳಾಗ ಪೆನ್‌ಡ್ರೈವು, ತಾಯಿತದಂಗ.
"ಅಕ್ಕಾ, ಕಂಪ್ಯೂಟರಿನ್ಯಾಗೇ ಕೂಡೂ ಪ್ರೋಗ್ರಾಮ್ ಹಾಕೋಣ,
ಎಲ್ಲಾ ಡಬ್ಬಿ ಒಂದೇ ಕಿಟಕಿಯೊಳಗ. ಮೂರು ತಂದೀನಿ, ಆರಿಸು."

ಒಂದು ಭಾಳ ಚಂದ ಇತ್ತು. ಎರಡು ಖಾತೆ ತನಕ ಪುಕಟ,
ಮೂರನೇದಕ್ಕ ವರ್ಷಾ ರೊಕ್ಕ ಕೇಳ್ತದ.
ಯಾರ ಖರ್ಚಿಗಿ ಬರೀಲಿ?
ಅರ್ಧಾ ಅರ್ಧಾ ಅಂದ್ರ ಇಬ್ಬರನೂ ಕೂಡಿಸಿ ಕೇಳಬೇಕು.
ಇನ್ನೊಂದು, ಬಂದ ಪತ್ರ ಎಲ್ಲಾ ಹೊತ್ತಿನ ಪ್ರಕಾರ
ಒಂದೇ ರಾಶಿ ಮಾಡ್ತದ.
ಅಣ್ಣನ ಬಾರದಾನ ಬಿಲ್ಲು, ಅದಕ್ಕ ಮೈ ಹಚ್ಚಿ ತಮ್ಮನ ಲಾರಿ ರಸೀದಿ,
ನಡುವ ಒಂದು ಕೂದಲೂ ಹೋಗದಂಗ.
ಸುಮ್ನೆ ನೋಡಿದೆ ಅದನ್ನ, ಸ್ವಲ್ಪ ಹೊತ್ತು.
"ಇದೇ ಇರಲೇನು?" ಅಂದ ಸೈಫನ್.
ಬ್ಯಾಡ, ಕಣ್ಣಿಗಿ ಚಲೋ, ಕೆಲಸಕ್ಕ ಬರೂದಿಲ್ಲ.

ಕಡೀದು ಹಳೇದು, ಬೂದಿ ಬಣ್ಣದ್ದು.
ಜರಡಿ ಅದ ಅದಕ್ಕ: ಬ್ಯಾಳಿ ಒಂದು ಕಡಿ, ಚುನ್ನಿ ಒಂದು ಕಡಿ,
ಹೊಟ್ಟು ಹೊರಗ.
ನೆಟ್ ಸತ್ತರೂ ಬಂದ ಪತ್ರ ಇಲ್ಲೇ, ಈ ಡಬ್ಬಾದೊಳಗೇ ಇರ್ತಾವ.
ಬಣ್ಣ ಕೊಡು ಅಂತು ಒಬ್ಬೊಬ್ಬರಿಗಿ.
ಅಣ್ಣಂಗ ಅರಿಶಿಣ, ತಮ್ಮಂಗ ಹಸರು,
ನರ್ಸಿಂಗ್ ಶಾಲಿಗಿ ಬಿಳಿ ಕೊಟ್ಟೆ, ಕಾಣಲಿಲ್ಲ, ನೀಲಿ ಮಾಡ್ದೆ.
"ನಿಂದಕ್ಕ?"
ಆಮ್ಯಾಲ ನೋಡಮು ಅಂದೆ. ಇನ್ನೂ ನೋಡಿಲ್ಲ.

ಹನ್ನೊಂದು ಸಾವಿರ ಪತ್ರ ಇಳೀಲತ್ತಿದ್ವು,
ಹಮಾಲರು ಲಾರಿಯಿಂದ ಚೀಲ ಇಳಿಸಿದಂಗ, ಒಂದರ ಮ್ಯಾಲ ಒಂದು.
ಅದರಾಗ ನಾಗಪುರದ ಸೇಠನ ಜವಾಬು.
ಆವತ್ತು ಅಂಜಿ ತೆರೆದಿರಲಿಲ್ಲ.
"ರೇಟು ಮುಟ್ಟಿತು. ಅಣ್ಣತಮ್ಮರು ಮತ್ತ ಕೂಡಿದ್ರೇನು?
ಖುಷಿ ಆತು. ಎರಡು ಲಾರಿ ಕಳಸ್ರಿ."

ಅಣ್ಣನ ಡಬ್ಬಿಯೊಳಗ ಇಟ್ರ ಅಣ್ಣ ನೋಡ್ತಾರ,
ತಮ್ಮನ ಡಬ್ಬಿಗಿ ಇದು ಬಂದದ್ದೇ ಅಲ್ಲ.
ಅಳಿಸಲಿಕ್ಕ ಬೆರಳು ಹೋತು, ಹೊಳ್ಳಿ ಬಂತು.
ಪರದೆಯ ಕೆಳಗ, ಯಾವ ಖಾತೆಗೂ ಸೇರದ ಜಾಗ ಒಂದದ,
ಈ ಯಂತ್ರದ್ದು ಅಷ್ಟೇ.
ಅಲ್ಲಿ ಹೊಸಾ ಫೋಲ್ಡರ್ ಮಾಡ್ದೆ. ಹೆಸರೇನು ಅಂತು.
ನಡುಗ್ವಾಡಿ ಅಂತ ಬರೆದು, ಎಳೆದು ಹಾಕ್ದೆ.

ನಾಲ್ಕಕ್ಕ ಚಂದ್ರಶಾ ಬಂದ್ರು, ಚಹಾದ ಕಪ್ಪು ಹಿಡಕೊಂಡೇ.
"ಈ ಅರಿಶಿಣ ಯಾರ್ದು?"
ಹೇಳ್ದೆ.
"ದಿನಾ ಎಷ್ಟು ಬರ್ತಾವ ಅವರಿಗಿ?"
"ನಿಮಗ ಬರೂವಷ್ಟೇ ರೀ."
ಹೂಂ ಅಂದ್ರು, ಹೋಗಲಿಲ್ಲ.
ಆ ಕಡಿ ಮಿಲ್ಲಿನ ಜರಡಿ ಸುರುವಾಗಿ
ಗ್ವಾಡಿ ಸಣ್ಣಗ ನಡುಗಿ,
ನನ್ನ ಮೌಸು ತಾನೇ ಒಂದೆಳಿ ಸರೀತು.