ಒಂಬತ್ತೂವರಿ ಧಾರಾವಾಹಿ

ಮಗ್ಗ ನಿಂತ ಮ್ಯಾಲನ ನಮ್ಮನಿ ಟೀವಿಗೆ ದನಿ ಬರೂದು.
ಅಲ್ಲೀತನಕ ಬರೇ ತುಟಿ.
ಅತ್ತಿ ಒದರತಾಳ, ಸೊಸಿ ಅಳತಾಳ, ಏನಂತ ಗೊತ್ತಿಲ್ಲ,
ಅಪ್ಪನ ಲಾಳಿ ಎಲ್ಲಾರ ಮಾತೂ ನುಂಗತೈತಿ.
ಅವ್ವ ಖಣದ ಕಂಡಿಕಿ ಸುತ್ತಕೋತ
ತಾನ ಮಾತು ಕೊಡತಿದ್ಲು ಅವರಿಗೆ:
‘ನಿನ್ನ ಬಂಗಾರ ನೀನ ಇಟ್ಗೊ, ನನ್ನ ಮರ್ಯಾದಿ ನನಗ ಕೊಡು.’
ಒಮ್ಮೊಮ್ಮೆ ಬರದಾಂವಗಿಂತ ಛಲೋ ಇರತಿತ್ತು.

ನಾ ಸಣ್ಣಾಂವ ಇದ್ದಾಗ ಶನಿವಾರಕ್ಕೊಂದು ನಗಿ ಕಾರ್ಯಕ್ರಮ.
ಅದರಾಗೊಬ್ಬ ಬರತಿದ್ದ, ಗುಲಾಬಿ ಅಂಗಿ,
ನಡಾ ಬಳಕಸಕೋತ, ಬಟ್ಟಿನ ತುದೀಲೆ ಗಾಳಿ ಮುಟ್ಟಕೋತ.
ಬಾಯಿ ತಗಿಯೂ ಮದಲ ನಗಿ ಶುರು.
ಅವಗೊಂದು ಹೆಸರ ಸೈತ ಇಟ್ಟಿರಲಿಲ್ಲ.
ಪಡಸಾಲ್ಯಾಗ ಹನ್ನೊಂದು ಮಂದಿ.
ಬನಪ್ಪ ಕಾಕಾ ತೊಡಿ ಬಡಕೊಂಡು ನಕ್ಕ,
ಸಣ್ಣತ್ತಿ ರೊಟ್ಟಿ ಹಂಚಿನ ಮ್ಯಾಲ ಬಿಟ್ಟು ಓಡಿ ಬಂದು ನಕ್ಕಳು,
ಎಲ್ಲಾರಕಿಂತ ಜೋರ ನಕ್ಕಾಂವ ನಾ.
ಜೋರ ನಗಬೇಕಾಗಿತ್ತು.
ಮರುದಿನ ಸಾಲಿಗೆ ಹೋಗೂವಾಗ
ನಡಾ ಕಟಗಿ ಮಾಡಕೊಂಡು ನಡದೆ.
ಇಪ್ಪತ್ತು ವರ್ಷ ಹಂಗ ನಡದೆ.
ಬೆನ್ನು ನೋವಿಗೆ ಬೈಕ್ ಕಾರಣ ಅಂತಾರ ಡಾಕ್ಟರು.

ಈಗ ನನ್ನ ಕೆಲಸ ಡಿಶ್ ಕೂಡ್ರಸೂದು,
ಗುಳೇದಗುಡ್ಡ, ಪರ್ವತಿ, ಹಂಸನೂರ, ಕೆಲವಡಿ.
ನಾ ಮಾಳಿಗಿ ಮ್ಯಾಲ ಕೊಡಿ ತಿರುವತೇನಿ,
ಕೆಳಗ ಟೀವಿ ಮುಂದ ನಿಂತು ದಸ್ತಗೀರ ಒದರತಾನ:
‘ಬಂತು... ಬಂತು... ಹೋತು!
ಹಂಗ ಇರು. ಅಲಗ್ಯಾಡಬ್ಯಾಡ. ಬಂತು!’
ಹಗಲಹೊತ್ತಿನ್ಯಾಗ ನಮ್ಮಿಬ್ಬರ ನಡುವ
ಇದಕ್ಕಿಂತ ದೊಡ್ಡ ಮಾತು ಆಗಿಲ್ಲ.

ಹೋದ ವರ್ಷ ಬಂತು ಈ ಒಂಬತ್ತೂವರಿದು.
ಅದರಾಗ ಆ ಮನಿ ಸಣ್ಣ ಮೈದುನ, ತ್ರಿವಿಕ್ರಮ.
ಹೆಸರೂ ಐತಿ, ನೌಕರೀನೂ ಐತಿ, ಬ್ಯಾಂಕಿನ್ಯಾಗ ಕ್ಯಾಶಿಯರ್.
ಕನ್ನಡಕ. ಬುತ್ತಿ ಡಬ್ಬಿ ಮರತು ಹೋಗೂ ಚಟ.
ಡಬ್ಬಿ ತಂದು ಕೊಡಾಂವ ಶಶಾಂಕ.
ನಲವತ್ತು ಎಪಿಸೋಡು ಅವನ್ನ ನೋಡಿ ಯಾರೂ ನಗಲಿಲ್ಲ.
ಅವ್ವಗಂತೂ ಭಾಳ ಸೇರಿದ್ದ:
‘ಉಂಡ ತಾಟ ತಾನ ತೊಳೀತಾನ, ನೋಡ್ರಿ ಕಲೀರಿ.’

ಒಂದಿನ ಅಂವ ಕಟ್ಟಿ ಮ್ಯಾಲ ಕುಂತು
‘ಅತ್ತಿಗೆ, ನನಗೆ ಹುಡುಗಿ ನೋಡಬೇಡಿ, ನಾನು ಶಶಾಂಕನ್ನ...’
ಆ ಗಳಿಗ್ಯಾಗ ಬಾಜೂಮನಿ ಹುಚ್ಚಪ್ಪಗೋಳ ಪಾವರ್‌ಲೂಮು
ರಾತ್ರಿ ಪಾಳಿಗೆ ಎದ್ದು ಬಡೀಲಿಕ್ಕೆ ಹತ್ತಿತು.
ಅವನ ತುಟಿ ಆಡಿತು.
ಅತ್ತಿಗಿ ತುಟಿ ಆಡಿತು.
ರಿಮೋಟು ನನ್ನ ಕಡೇನ ಇತ್ತು. ದನಿ ಏರಸಲಿಲ್ಲ.
ಕಾಕಾ, ಸಣ್ಣತ್ತಿ, ನಾ, ಎಲ್ಲಾರೂ
ಅವ್ವನ ಬಾಯಿ ನೋಡಕೋತ ಕುಂತಿವಿ.

ರಾಟಿ ನಿಂತಿತ್ತು. ಎಳಿ ಬಟ್ಟಿಗೆ ಸುತ್ತಿ ಬಟ್ಟ ಕೆಂಪಾಗಿತ್ತು.
‘ಇಷ್ಟಕ್ಕ ಅಳತೀಯೇನೋ ಹುಚ್ಚಾ,’ ಅಂದ್ಲು, ಅತ್ತಿಗಿ ತುಟಿಗೆ ಸರಿಯಾಗಿ,
‘ಐತವಾರ ಊಟಕ್ಕ ಕರಕೊಂಡು ಬಾ ಅವನ್ನ.
ಖಾರ ಉಣತಾನೋ ಇಲ್ಲೋ, ಮದಲ ಹೇಳು.’
ಕಾಕಾ ಕೆಮ್ಮಿದ.
ಯಾರೂ ಏನೂ ಅನಲಿಲ್ಲ. ಅಡ್ವಟೈಸು ಬಂತು, ಸಬಕಾರದ್ದು.

ಮುಂದಿನ ವಾರ ತ್ರಿವಿಕ್ರಮನ್ನ ದುಬೈಕ ಕಳಿಸಿಬಿಟ್ರು.
ಒಂದು ಸೂಟಕೇಸು, ಒಂದು ಟ್ಯಾಕ್ಸಿ.
ಗ್ವಾಡಿಮ್ಯಾಲ ಅವನ ಫೋಟೋ ಇದ್ದಲ್ಲಿ ಗಡಿಯಾರ ಬಂತು.
ಶಶಾಂಕ ಅಂಬಾಂವ ಹುಟ್ಟೇ ಇರಲಿಲ್ಲ ಅನ್ನೂ ಹಂಗ
ಮನಿಮಂದಿ ಒಡವಿ ಕಳುವಾದದ್ದು ಹುಡುಕ್ಯಾಡಿದ್ರು.
‘ಹೇಡಿ ಮುಂಡೇಗಂಡ,’ ಅವ್ವ ಬೈದಳು, ಬರದಾಂವಗ,
‘ತನಗ ಬರದಿದ್ರ ನನ್ನರ ಕೇಳಬೇಕಿತ್ತು.’
ಈಗೂ ನಡುನಡುವ ಸುಮ್ಮನ ಅಂತಾಳ:
‘ಅಲ್ಲಿ ಏನ ಉಂಡಿದ್ದಾನು ಅಂವ.’

ನಿನ್ನಿ ಮುಂಜಾನೆ, ಅಪ್ಪ ಇನ್ನೂ ಕುಣಿಗೆ ಇಳಿದಿರಲಿಲ್ಲ,
ಓಣ್ಯಾಗ ಒಂದೂ ಮಗ್ಗ ಎದ್ದಿರಲಿಲ್ಲ,
ನಾ ಬೂಟು ಹಾಕ್ಕೊಳಾಕತ್ತಿದ್ದೆ.
ಎರಡು ಡಬ್ಬಿ ಚೀಲದಾಗ ಇಟಗೋತ ಕೇಳಿದ್ಲು,
‘ನಿನ್ನ ದಸ್ತಗೀರ
ಉಂಡ ತಾಟ ತಾನ ತೊಳೀತಾನೇನೋ?’

‘ತೊಳೀತಾನವ್ವಾ,’ ಅಂದೆ.

ಸುಳ್ಳು.
ಒಂದಿನಾನೂ ತೊಳದಾಂವಲ್ಲ.