ಒಳಗಿನ್ನೂ ಹೊಳೆ

ಹೊಳೆಬಾಗಿಲಿನ ಹಿನ್ನೀರು ಇಳಿದಾಗ
ಕೆಸರಿಂದ ಕಿತ್ತು ತಂದದ್ದು ಈ ಕೊರಡು.
ಆಗಲೇ ಅರ್ಧ ಕೊಕ್ಕರೆ; ಕಾಲಷ್ಟೇ ಬಾಕಿ.

ಬಿಳಿ ಅಂಟು ಹಚ್ಚಿದೆ. ಬೆಳಿಗ್ಗೆ ನೋಡಿದರೆ
ಕೊಕ್ಕರೆ ಕವುಚಿ ಬಿದ್ದಿತ್ತು.
ಕ್ಷಣದಲ್ಲಿ ಕಚ್ಚುವ ಪುಟ್ಟ ಟ್ಯೂಬು
ನನ್ನ ಹೆಬ್ಬೆರಳನ್ನು ತೋರುಬೆರಳಿಗೆ ಅಂಟಿಸಿತು,
ಮರಕ್ಕೆ ಬರೀ ಬೂಷ್ಟಿನಂಥ ಬಿಳಿ.
ಎರಡು ಟ್ಯೂಬು ಕಲಸಿದ್ದು ಎಂಟು ದಿನ ಹಿಡಿಯಿತು.
ಬಿಟ್ಟಮೇಲೆ ಕಾಲಿಗೆ ಗಾಜಿನ ಬಳೆ ಉಳಿಯಿತು,
ಹಕ್ಕಿಗೆ ಯಾರೋ ಕೋಳ ತೊಡಿಸಿದ ಹಾಗೆ.

ಸಾಗರದ ಪೇಟೆಯಲ್ಲಿ ದಸ್ತಗೀರ್ ಸಾಬರು
ಕೊರಡನ್ನು ಕೆನ್ನೆಗೊತ್ತಿಕೊಂಡರು,
ಕೂಸಿನ ಜ್ವರ ನೋಡುವಂತೆ.
"ತಣ್ಣಗಿದೆ. ಒಳಗಿನ್ನೂ ಹೊಳೆ ಇದೆ.
ನೀರಿಗೆ ಯಾವ ಅಂಟು ಹತ್ತೀತು, ಸೆರಾಫಿನಾ?
ಎರಡು ಬೇಸಿಗೆ ಅಟ್ಟದ ಮೇಲಿಡು."
ಅಂಗಡಿಯಲ್ಲಿ ಏಳು ಬಗೆಯ ಅಂಟಿತ್ತು.
ಒಂದನ್ನೂ ಮಾರಲಿಲ್ಲ.

ಎರಡನೇ ಬೇಸಿಗೆಯ ಕೊನೆಗೆ
ಉಜ್ಜುತ್ತ ಉಜ್ಜುತ್ತ ಸಿಕ್ಕಿತು ಚೌಕದ ತೂತು.
ನೀರು ಕೊರೆದದ್ದಲ್ಲ, ಉಳಿಯ ಕೆಲಸ:
ಯಾರ ಮನೆಯ ಬಾಗಿಲೋ, ತೊಟ್ಟಿಲೋ.
ಬಿದಿರು ಕೆತ್ತಿ ಗೂಟ ಮಾಡಿ ಹೊಡೆದೆ.
ಕಿರ್ ಎಂದಿತು, ಕೂತಿತು.

ಒಂಟಿ ಕಾಲಲ್ಲಿ ನಿಂತಿದೆ ಈಗ,
ಕೊಂಚ ಎಡಕ್ಕೆ ವಾಲಿ.
ದಸ್ತಗೀರರು ಕೇಳಿದರು, ಯಾವ ಅಂಟು?
ನಾನು ತೂತು ತೋರಿಸಲಿಲ್ಲ.